ಚಿನ್ನದ ಗಣಿಯ ನಾಲ್ಕು ಪುಟ: ಕೆಜಿಎಫ್‌ನಲ್ಲಿ ಒಂದು ಲೈಬ್ರರಿ ಹುಡುಕಿ ಹೊರಟಾಗ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಮಾತಿನ ಧಾಟಿಯನ್ನು ಹಾಗೇ ಉಳಿಸಿಕೊಳ್ಳಲಾಗಿದೆ.)

ರೈಲಲ್ಲೋ ಬಸ್ಸಲ್ಲೋ ಒಂದು ಕೈಯಲ್ಲಿ ಕಂಬಿ, ಇನ್ನೊಂದು ಕೈಯಲ್ಲಿ ಫೋನು ಹಿಡ್ಕೊಂಡು ಕೇಳ್ತಾ ಇರೋರಿಗೆಲ್ಲ ಸ್ವಾಗತ. ಸೀಟು ಸಿಕ್ಕಿರೋ ಪುಣ್ಯವಂತರಿಗೂ ಸ್ವಾಗತ.

ಇವತ್ತಿನ ಸಂಚಿಕೆ ಶುರುವಾಗಿದ್ದು ಒಂದು ವಾಟ್ಸಾಪ್ ಮೆಸೇಜಿಂದ. ಭಾನುವಾರ ಬೆಳಗ್ಗೆ ನಮ್ಮಕ್ಕನ ಮಗಳು ಕಳಿಸಿದ್ದು. "ಮಾಮ, ಈ ಪೇಪರ್ ನಿಂಗೆ ಸಿಗತ್ತಾ? ನಂಗೆ ದುಡ್ಡು ಕೇಳ್ತಿದೆ." ಜೊತೆಗೊಂದು ಸ್ಕ್ರೀನ್‌ಶಾಟ್.

ನಮ್ದು ಬಂಗಾರಪೇಟೆ. ಅವಳು ಕೆಜಿಎಫ್‌ನ ಒಂದು ಖಾಸಗಿ ಕಾಲೇಜಲ್ಲಿ ಬಿ.ಎಸ್ಸಿ. ಕೊನೇ ವರ್ಷ ಓದ್ತಾಳೆ. ದಿನಾ ಬೆಳಗ್ಗೆ ಮಾರಿಕುಪ್ಪಂ ಕಡೆ ಹೋಗೋ ರೈಲು ಹತ್ತಿ ಬೆಮೆಲ್ ನಗರ, ಕೋರಮಂಡಲ್ ದಾಟಿ ಊರಿಗಾಂನಲ್ಲಿ ಇಳಿತಾಳೆ. ಪ್ರಾಜೆಕ್ಟಿಗೆ ಅವಳು ಆರಿಸ್ಕೊಂಡಿದ್ದು ಕೆಜಿಎಫ್ ಗಣಿಯೊಳಗೆ ನಡೆದ ನ್ಯೂಟ್ರಿನೋ ಪ್ರಯೋಗ. 1965ರಲ್ಲಿ ಬಂದ ಒಂದು ಪೇಪರ್ ಅವಳಿಗೆ ಬೇಕಿತ್ತು. ನಾಲ್ಕೇ ಪುಟದ್ದು. ಅದು ಈಗ ದೊಡ್ಡ ಅಂತಾರಾಷ್ಟ್ರೀಯ ಪ್ರಕಾಶನವೊಂದರ ವೆಬ್‌ಸೈಟಲ್ಲಿದೆ. ಹೆಸರು ಕಾಣತ್ತೆ, ಮೊದಲ ನಾಲ್ಕು ಸಾಲು ಕಾಣತ್ತೆ. ಮುಂದೆ ಓದಬೇಕು ಅಂದ್ರೆ ಡಾಲರ್ ಲೆಕ್ಕದಲ್ಲಿ ಕಟ್ಟಬೇಕು.

ಅವಳು ಸುಮ್ನೆ ಕೂತಿರ್ಲಿಲ್ಲ, ಅದಕ್ಕೆ ಮುಂಚೆ ಒಂದು ಎಐ ಚಾಟ್‌ಬಾಟನ್ನೂ ಕೇಳಿದ್ದಳು. ಅದು ಪಟಪಟ ಅಂತ ಐದು ಪೇಪರ್‌ಗಳ ಹೆಸರು ಕೊಡ್ತು. ಲೇಖಕರು, ಸಂಪುಟ, ಪುಟಸಂಖ್ಯೆ ಎಲ್ಲಾ ಇತ್ತು. ಹುಡುಕಿ ನೋಡಿದ್ರೆ ಎರಡು ಸರಿ. ಒಂದರಲ್ಲಿ ವರ್ಷ ತಪ್ಪು. ಇನ್ನೆರಡು ಪೇಪರ್ ಭೂಮಿ ಮೇಲೆ ಇಲ್ಲವೇ ಇಲ್ಲ.

"ಕಾಲೇಜ್ ಲೈಬ್ರರೀಲಿ ಕೇಳಿದ್ಯೇನೇ?" ಅಂದೆ.

ನಕ್ಕಳು. "ಮಾಮ, ನಮ್ ಲೈಬ್ರರಿ ಬೀಗದ ಕೈ ಇರೋದು ಅಟೆಂಡರ್ ಅಣ್ಣನ ಹತ್ರ. ಅವರಿಗೆ ಎಕ್ಸಾಮ್ ಡ್ಯೂಟಿ ಇದ್ರೆ ಲೈಬ್ರರಿಗೂ ರಜ. ಲೈಬ್ರರಿಯನ್ ಮೇಡಂ ರಿಟೈರ್ ಆಗಿ ಎರಡು ವರ್ಷ ಆಯ್ತು."

ಆ ಮಾತು ನಂಗೆ ಚುಚ್ಚಿತು. ಯಾಕಂದ್ರೆ ನಾನು ಓದಿದ ಕಾಲೇಜಲ್ಲೂ ಇದೇ ಕಥೆ. ಪುಸ್ತಕಗಳೆಲ್ಲ ಬೀರುವಿನೊಳಗೆ, ಗಾಜಿನ ಹಿಂದೆ. ಬೆನ್ನು ನೋಡಿ ಹೆಸರು ಓದ್ಕೊಂಡು ಚೀಟಿ ಬರೆದುಕೊಡಬೇಕು. ಎರಡನೇ ಸಾಲಿನಲ್ಲಿರೋ ಪುಸ್ತಕ ಕಾಣೋದೇ ಇಲ್ಲ, ಹಾಗಾಗಿ ಮೂರು ವರ್ಷದಲ್ಲಿ ಅದನ್ನ ಯಾರೂ ಕೇಳಲೂ ಇಲ್ಲ.

ಈಗ ಎಲ್ಲರೂ ಕೇಳೋ ಪ್ರಶ್ನೆ ಇದೆಯಲ್ಲ, ಎಲ್ಲಾ ಫೋನಲ್ಲೇ ಸಿಗುವಾಗ ಕಾಲೇಜಿಗೆ ಲೈಬ್ರರಿ ಯಾಕೆ ಬೇಕು ಅಂತ, ಅದಕ್ಕೆ ಉತ್ತರ ಹುಡುಕೋಕೆ ಕೆಜಿಎಫ್‌ಗಿಂತ ಒಳ್ಳೇ ಊರು ನಂಗೆ ಗೊತ್ತಿಲ್ಲ. ಸಿನಿಮಾದ ಕೆಜಿಎಫ್ ಪಕ್ಕಕ್ಕಿಡಿ. ನಿಜವಾದ ಕೆಜಿಎಫ್ ಶುರುವಾಗಿದ್ದೇ ಒಬ್ಬ ಹಳೇ ಕಾಗದ ಓದಿದ್ದರಿಂದ.

1799ರಲ್ಲಿ ಟಿಪ್ಪು ಸುಲ್ತಾನ್ ತೀರಿಹೋದ ಮೇಲೆ ಬ್ರಿಟಿಷರು ಮೈಸೂರು ಸೀಮೆಯನ್ನ ಅಳೆಯೋಕೆ ಶುರು ಮಾಡಿದ್ರು. ಪೂರ್ವದ ಗಡಿ ಅಳೆಯೋಕೆ ಬಂದವನು ಲೆಫ್ಟಿನೆಂಟ್ ಜಾನ್ ವಾರೆನ್. ಇಲ್ಲಿ ಮಣ್ಣಲ್ಲಿ ಚಿನ್ನ ಇದೆ ಅನ್ನೋ ಮಾತು ಅವನ ಕಿವಿಗೆ ಬಿತ್ತು. ತೋರಿಸಿದವರಿಗೆ ಬಹುಮಾನ ಅಂದ. ಹಳ್ಳಿಯವರು ಗಾಡಿ ತುಂಬ ಮಣ್ಣು ತಂದು, ಅವನ ಕಣ್ಣೆದುರೇ ತೊಳೆದು, ಹೊಳೆಯೋ ಪುಡಿ ತೋರಿಸಿದ್ರು. ಊರಿಗಾಂ, ಮಾರಿಕುಪ್ಪಂ ಕಡೆಯ ಜನ ಇದನ್ನ ತಲೆತಲಾಂತರದಿಂದ ಮಾಡ್ತಾ ಇದ್ರು. ವಾರೆನ್ ಕಂಡಿದ್ದನ್ನ ಬರೆದಿಟ್ಟ. ಈ ವಾರೆನ್ ಸಾಮಾನ್ಯದವನಲ್ಲ. ಹುಟ್ಟಿನಿಂದ ಫ್ರೆಂಚ್, ಮುಂದೆ ಮದ್ರಾಸ್ ವೀಕ್ಷಣಾಲಯ ನೋಡ್ಕೊಂಡ, 1825ರಲ್ಲಿ ಹಿಂದೂ ಪಂಚಾಂಗಗಳ ಲೆಕ್ಕಾಚಾರದ ಬಗ್ಗೆ 'ಕಾಲ ಸಂಕಲಿತ' ಅನ್ನೋ ಪುಸ್ತಕ ಬರೆದ. ಚಿನ್ನದ ಬಗ್ಗೆ ಬರೆದಿದ್ದು ಅವನ ಬದುಕಿನಲ್ಲಿ ಒಂದು ಸಣ್ಣ ಕೆಲಸ.

ಆ ಬರಹ ದಶಕಗಟ್ಟಲೆ ಸುಮ್ನೆ ಬಿದ್ದಿತ್ತು. 1871ರಲ್ಲಿ ಮೈಕೆಲ್ ಲಾವೆಲ್ ಅನ್ನೋ ಐರಿಶ್ ಸೈನಿಕನ ಕಣ್ಣಿಗೆ ಬಿತ್ತು. ನ್ಯೂಜಿಲೆಂಡಿನಲ್ಲಿ ಮಾವೋರಿ ಯುದ್ಧ ಮುಗಿಸಿ, ಬೆಂಗಳೂರು ಕಂಟೋನ್ಮೆಂಟಿನಲ್ಲಿ ಬಂದು ನೆಲೆಸಿದ್ದ ಮನುಷ್ಯ. ಓದಿದ, ಎತ್ತಿನಗಾಡಿ ಹತ್ತಿ ಕೋಲಾರದ ಕಡೆ ಹೊರಟ. 1873ರಲ್ಲಿ ಸರ್ಕಾರಕ್ಕೆ ಅರ್ಜಿ ಹಾಕಿದ, 1875ರಲ್ಲಿ 20 ವರ್ಷದ ಗುತ್ತಿಗೆ ಸಿಕ್ತು. ಚಿನ್ನದಲ್ಲಿ ಅವನಿಗೆ ಅಂಥಾ ಲಾಭ ಏನೂ ಆಗ್ಲಿಲ್ಲ, ಗುತ್ತಿಗೆ ಬೇರೆಯವರ ಕೈಗೆ ಹೋಯ್ತು. 1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಬಂದು ಆಳವಾಗಿ ತೋಡೋಕೆ ಶುರು ಮಾಡ್ತು. ನೀವು ಕಾಫಿ ಕುಡಿಯೋಕೆ ಹೋಗ್ತೀರಲ್ಲ, ಬೆಂಗಳೂರಿನ ಲಾವೆಲ್ ರಸ್ತೆ, ಅದು ಇವನ ಹೆಸರೇ.

ಈಗ ಒಂದು ತಮಾಷೆ ನೋಡಿ. ಲಾವೆಲ್ ಓದಿದ್ದು 1804ರ 'ಏಷ್ಯಾಟಿಕ್ ಜರ್ನಲ್' ಪತ್ರಿಕೆಯಲ್ಲಿ ಬಂದಿದ್ದ ನಾಲ್ಕು ಪುಟದ ಲೇಖನ ಅಂತ ಅಂತರ್ಜಾಲದಲ್ಲಿ ಎಲ್ಲಿ ನೋಡಿದ್ರೂ ಇದೆ. ಹತ್ತು ವೆಬ್‌ಸೈಟ್ ತೆರೆದ್ರೆ ಹತ್ತರಲ್ಲೂ ಅದೇ. ಹಿಂದಿನ ಒಂದು ಸಂಚಿಕೆಯಲ್ಲಿ ನಾನೂ ಹಾಗೇ ಹೇಳಿದ್ದೆ. ತಪ್ಪೊಪ್ಪಿಕೊಳ್ತೀನಿ, ಯಾಕಂದ್ರೆ ಆ ಹೆಸರಿನ ಪತ್ರಿಕೆ ಲಂಡನ್ನಿನಲ್ಲಿ ಶುರುವಾಗಿದ್ದೇ 1816ರಲ್ಲಿ. ಅಂದ್ರೆ ವರ್ಷ ತಪ್ಪು, ಇಲ್ಲಾ ಪತ್ರಿಕೆಯ ಹೆಸರು ತಪ್ಪು. ಒಬ್ಬ ತಪ್ಪು ಬರೆದ, ಉಳಿದವರು ನಕಲು ಹೊಡೆದ್ರು, ಈಗ ಚಾಟ್‌ಬಾಟ್ ಕೂಡ ಅದನ್ನೇ ಕಲಿತಿದೆ. ಹತ್ತು ಕಡೆ ಸಿಕ್ಕಿತು ಅಂದ ಮಾತ್ರಕ್ಕೆ ಹತ್ತು ಸಾಕ್ಷಿ ಆಗಲ್ಲ. ಹಳೇ ಸಂಪುಟ ತೆಗೆದು ಪುಟ ತಿರುಗಿಸಿ ನೋಡೋ ಒಬ್ಬರು, ನೋಡೋಕೆ ಆ ಸಂಪುಟ ಇರೋ ಒಂದು ಜಾಗ, ಎರಡೂ ಬೇಕು.

ಅಂಥಾ ಜಾಗ ಒಂದು ಬೆಂಗಳೂರಿನಲ್ಲೇ ಇದೆ. 1909ರಲ್ಲಿ ಶುರುವಾದ ಮಿಥಿಕ್ ಸೊಸೈಟಿ, ನೃಪತುಂಗ ರಸ್ತೆಯ ಡೇಲಿ ಮೆಮೋರಿಯಲ್ ಹಾಲ್. ಇಪ್ಪತ್ತನೇ ಶತಮಾನದ ಶುರುವಲ್ಲಿ ಫ್ರೆಡ್ ಗುಡ್‌ವಿಲ್ ಅನ್ನೋ ವೆಸ್ಲಿಯನ್ ಮಿಷನರಿ ಬೆಂಗಳೂರು ಮತ್ತು ಕೆಜಿಎಫ್ ಸುತ್ತಮುತ್ತಲಿನ ಚರಿತ್ರೆ ಬಗ್ಗೆ ಬರೆದ ಪ್ರಬಂಧಗಳು ಅವರ ತ್ರೈಮಾಸಿಕದಲ್ಲೇ ಅಚ್ಚಾಗಿದ್ದು. ಅದು ಉಳಿದಿದ್ದಕ್ಕೆ ನಮಗೆ ವಾರೆನ್, ಲಾವೆಲ್ ಕಥೆಗಳು ಇಷ್ಟಾದ್ರೂ ಗೊತ್ತು.

ಕೆಜಿಎಫ್ ಅಂದ್ರೆ ಬಂಗಲೆ, ಕ್ಲಬ್ಬು, 'ಲಿಟ್ಲ್ ಇಂಗ್ಲೆಂಡ್' ಅಂತ ಹೇಳಿ ನಿಲ್ಲಿಸಿಬಿಡ್ತಾರೆ. ಬಂಗಾರಪೇಟೆಗೂ ಒಂದು ಕಾಲಕ್ಕೆ ದೊರೆ ಹೆಸರೇ ಇತ್ತು, ಕಮಿಷನರ್ ಬೌರಿಂಗ್ ಹೆಸರಲ್ಲಿ ಬೌರಿಂಗ್‌ಪೇಟೆ. 1894ರಲ್ಲಿ ಅಲ್ಲಿಂದ ಗಣಿಗೆ ರೈಲು ಬಂತು. 1902ರಲ್ಲಿ ಶಿವನಸಮುದ್ರದಿಂದ ಕರೆಂಟು ಬಂತು, ಬೆಂಗಳೂರಿಗಿಂತ ಮೂರು ವರ್ಷ ಮುಂಚೆ. ಇದೆಲ್ಲ ನಿಮಗೆ ಗೊತ್ತಿರತ್ತೆ. ಕಡಿಮೆ ಜನಕ್ಕೆ ಗೊತ್ತಿರೋದು ಏನಂದ್ರೆ, ಗಣಿಯ ಕೆಳಗೆ ಇಳಿಯೋ ಕೂಲಿಕಾರರಿಗೂ ಅಲ್ಲಿ ಒಂದು ಓದಿನ ಲೋಕ ಇತ್ತು.

ಗಣಿಗೆ ಬಂದ ಜನರಲ್ಲಿ ಹೆಚ್ಚಿನವರು ಉತ್ತರ ಆರ್ಕಾಟು ಮುಂತಾದ ಕಡೆಯ ತಮಿಳು ದಲಿತರು. ಮದ್ರಾಸಿನಲ್ಲಿ ಪಂಡಿತ್ ಅಯೋತಿ ದಾಸರ್ ಅಂತ ಒಬ್ಬರು ಸಿದ್ಧವೈದ್ಯರಿದ್ರು. ಅಂಬೇಡ್ಕರ್‌ಗಿಂತ ದಶಕಗಳ ಮುಂಚೆ ಬೌದ್ಧ ಧರ್ಮದ ಕಡೆ ತಿರುಗಿದವರು. 1907ರಲ್ಲಿ 'ಒರು ಪೈಸಾ ತಮಿಳನ್' ಅನ್ನೋ ವಾರಪತ್ರಿಕೆ ಶುರು ಮಾಡಿದ್ರು, ಮುಂದೆ ಬರೀ 'ತಮಿಳನ್'. ಬೆಲೆ ಹೆಸರಲ್ಲೇ ಇದೆ. ಅವರ ಬೌದ್ಧ ಸಂಘಕ್ಕೆ ಮಾರಿಕುಪ್ಪಂನಲ್ಲಿ ಶಾಖೆ ಇತ್ತು. 1914ರಲ್ಲಿ ಅವರು ತೀರಿಹೋದ ಮೇಲೆ, 1920ರ ದಶಕದಲ್ಲಿ ಆ ಪತ್ರಿಕೆಗೆ ಮತ್ತೆ ಜೀವ ಬಂದಿದ್ದು ಕೆಜಿಎಫ್‌ನಲ್ಲಿ, ಜಿ. ಅಪ್ಪಾದುರೈ ಅವರ ಕೈಯಲ್ಲಿ. ಚಾಂಪಿಯನ್ ರೀಫ್‌ನ ಸಿದ್ಧಾರ್ಥ ಪುಸ್ತಕಶಾಲೆ ಹೊಸ ಹೊಸ ಬೌದ್ಧ ಪುಸ್ತಕಗಳನ್ನ ಅಚ್ಚು ಹಾಕಿಸ್ತಿತ್ತು. ಯೋಚನೆ ಮಾಡಿ. ಮೇಲೆ ಸೈನೈಡ್ ಗುಡ್ಡ, ಕೆಳಗೆ ಬಂಡೆ ಸಿಡಿಯೋ ಸುರಂಗ, ಎರಡು ಶಿಫ್ಟ್ ನಡುವೆ ಒಬ್ಬ ಓದ್ತಾನೆ, ಹತ್ತು ಜನ ಸುತ್ತ ಕೂತು ಕೇಳ್ತಾರೆ. ಹೀಗೆ ಕೂತು ಕೇಳೋದು ಆ ಕಾಲದಲ್ಲಿ ಎಲ್ಲಾ ಊರಲ್ಲೂ ಇತ್ತು. ಒಂದು ಲೆಕ್ಕದಲ್ಲಿ ಅವರೂ ಪಾಡ್‌ಕಾಸ್ಟ್ ಕೇಳುಗರೇ.

1930ರಲ್ಲಿ ಕಾರ್ಮಿಕರ ಬೆರಳಚ್ಚು ತಗೊಳ್ಳೋಕೆ ಹೊರಟಾಗ ಇದೇ ಜನ ಗಣಿ ನಿಲ್ಲಿಸಿ ಮುಷ್ಕರ ಮಾಡಿದ್ರು. ಇವತ್ತು ಆ ಮುಷ್ಕರದ ಬಗ್ಗೆ ಓದಬೇಕು ಅಂದ್ರೆ ಇತಿಹಾಸಕಾರ್ತಿ ಜಾನಕಿ ನಾಯರ್ 1998ರಲ್ಲಿ ತಂದ 'ಮೈನರ್ಸ್ ಅಂಡ್ ಮಿಲ್‌ಹ್ಯಾಂಡ್ಸ್' ಪುಸ್ತಕ ಇದೆ. ಅದೇ ವರ್ಷ ಜಿ. ಅಲೋಷಿಯಸ್ ಅವರು ತಮಿಳು ಬೌದ್ಧರ ಬಗ್ಗೆ ಪುಸ್ತಕ ಬರೆದ್ರು, 1999ರಲ್ಲಿ ಅಯೋತಿ ದಾಸರ್ ಬರಹಗಳನ್ನ ಸಂಪುಟಗಳಾಗಿ ಒಟ್ಟುಮಾಡಿದ್ರು. ಹಳೇ ಪತ್ರಿಕೆಯನ್ನ ಯಾರೋ ರದ್ದಿಗೆ ಹಾಕದೆ ಇಟ್ಟಿದ್ದಕ್ಕೆ ಇದಾಯ್ತು. ಅಧಿಕಾರಿಗಳು ಬರೆದಿದ್ದು ಸರ್ಕಾರಿ ಕಡತದಲ್ಲಿ ಹೇಗಾದ್ರೂ ಉಳಿಯತ್ತೆ, ಕೂಲಿಕಾರ ಒಂದು ಪೈಸೆ ಕೊಟ್ಟು ಓದಿದ ಪತ್ರಿಕೆ ಉಳಿಯೋದು ಕಷ್ಟ.

ಈಗ ನಮ್ಮ ಹುಡುಗಿಯ ಪೇಪರಿಗೆ ಬರ್ತೀನಿ.

ಬಿ.ವಿ. ಶ್ರೀಕಂಠನ್ ಹೆಸರು ಕೇಳಿದ್ದೀರಾ? ನಂಜನಗೂಡಿನ ಕಡೆಯವರು, 1925ರಲ್ಲಿ ಹುಟ್ಟಿದ್ದು. ಮುಂದೆ ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಅಂದ್ರೆ ಟಿಐಎಫ್‌ಆರ್‌ಗೆ ನಿರ್ದೇಶಕರಾದವರು. 1950ರ ದಶಕದ ಶುರುವಿನಲ್ಲಿ ಹೋಮಿ ಭಾಭಾ ಇವರನ್ನ ಕೆಜಿಎಫ್‌ಗೆ ಕಳಿಸಿದ್ರು. ಆಕಾಶದಿಂದ ಬರೋ ಕಾಸ್ಮಿಕ್ ಕಿರಣಗಳು ನೆಲದೊಳಗೆ ಎಷ್ಟು ಆಳಕ್ಕೆ ಹೋಗ್ತವೆ ಅಂತ ಅಳೆಯಬೇಕಿತ್ತು. ಆಳ ಹೋದ ಹಾಗೆ ಉಪಕರಣದಲ್ಲಿ ದಾಖಲಾಗೋ ಕಣಗಳು ಕಡಿಮೆ ಆಗ್ತಾ ಬಂದವು. ಮುಂದಿನ ತಂಡ ಇನ್ನೂ ಕೆಳಗೆ ಇಳಿದು ಅಳೆದಾಗ, ತೀರಾ ಆಳದಲ್ಲಿ ಸುಮಾರು ಎರಡು ತಿಂಗಳು ಇಟ್ಟರೂ ಒಂದೂ ದಾಖಲಾಗಲಿಲ್ಲ. ಬೇರೆ ಯಾರಾದ್ರೂ ಆಗಿದ್ರೆ ಬೇಜಾರು ಮಾಡ್ಕೊಳ್ತಿದ್ರು. ಇವರಿಗೆ ಖುಷಿ ಆಯ್ತು. ಗದ್ದಲವೇ ಇಲ್ಲದ ಆ ಜಾಗದಲ್ಲಿ ಏನಾದ್ರೂ ಕಂಡರೆ, ಅದು ಬಂಡೆಯನ್ನೆಲ್ಲ ತೂರಿ ಬರಬಲ್ಲ ನ್ಯೂಟ್ರಿನೋದ ಗುರುತೇ ಇರಬೇಕು.

ಟಿಐಎಫ್‌ಆರ್, ಜಪಾನಿನ ಒಸಾಕಾ ಸಿಟಿ ವಿಶ್ವವಿದ್ಯಾಲಯ, ಇಂಗ್ಲೆಂಡಿನ ಡರ್ಹಾಂ ವಿಶ್ವವಿದ್ಯಾಲಯ ಮೂರೂ ಸೇರಿ ಚಾಂಪಿಯನ್ ರೀಫ್ ಗಣಿಯಲ್ಲಿ ಸುಮಾರು 2.3 ಕಿಲೋಮೀಟರ್ ಆಳದಲ್ಲಿ ಉಪಕರಣ ಜೋಡಿಸಿದ್ರು. 1965ರಲ್ಲಿ ಸಿಕ್ಕೇಬಿಡ್ತು. ಅದೇ ಹೊತ್ತಿಗೆ ದಕ್ಷಿಣ ಆಫ್ರಿಕಾದ ಜೋಹಾನ್ಸ್‌ಬರ್ಗ್ ಹತ್ತಿರದ ಇನ್ನೊಂದು ಚಿನ್ನದ ಗಣಿಯಲ್ಲಿ ಅಮೆರಿಕದ ಫ್ರೆಡರಿಕ್ ರೈನ್ಸ್ ತಂಡವೂ ಇದನ್ನೇ ಹುಡುಕ್ತಾ ಇತ್ತು. ಅವರಿಗೆ ಮೊದಲ ಗುರುತು ಸಿಕ್ಕಿದ್ದು ಫೆಬ್ರವರಿ 23ರಂದು, ನಮ್ಮವರಿಗಿಂತ ಮುಂಚೆ. ಆದ್ರೆ ಪೇಪರ್? ಕೆಜಿಎಫ್ ತಂಡದ್ದು ಪತ್ರಿಕೆಗೆ ತಲುಪಿದ್ದು ಜುಲೈ 12, ಅಚ್ಚಾಗಿದ್ದು ಆಗಸ್ಟ್ 15. ಅವರದ್ದು ತಲುಪಿದ್ದು ಜುಲೈ 26, ಅಚ್ಚಾಗಿದ್ದು ಆಗಸ್ಟ್ 30. ಎರಡು ವಾರದ ಅಂತರ. ವಾತಾವರಣದಲ್ಲಿ ಹುಟ್ಟೋ ನ್ಯೂಟ್ರಿನೋ ಬಗ್ಗೆ ಜಗತ್ತಿಗೆ ಮೊದಲು ಅಚ್ಚಿನಲ್ಲಿ ಹೇಳಿದ್ದು ನಮ್ಮ ಕೋಲಾರ ಜಿಲ್ಲೆಯ ನೆಲ.

ಆ ನಾಲ್ಕು ಪುಟವೇ ನಮ್ಮ ಹುಡುಗಿಗೆ ಸಿಗದೇ ಇದ್ದಿದ್ದು. ಅವಳ ಕಾಲೇಜು ಇರೋ ಊರಿನ ಕೆಳಗೇ ನಡೆದ ಕೆಲಸ, ದುಡ್ಡಲ್ಲಿ ನಮ್ಮ ದೇಶದ್ದೂ ಪಾಲಿದೆ, ಬಂಡೆ ಕೊರೆದವರು ಅವಳ ಗೆಳತಿಯರ ತಾತಂದಿರು. ಅಲ್ಲ ಸ್ವಾಮಿ, ಇದನ್ನ ಓದೋಕೂ ಡಾಲರ್ ಕಟ್ಟಬೇಕಾ?

ಇಲ್ಲಿ ಸ್ವಲ್ಪ ಜಗತ್ತಿನ ಕಥೆ ಹೇಳಬೇಕು. ಮೊದಲೆಲ್ಲ ಕಾಲೇಜು ಜರ್ನಲ್ ತರಿಸಿದ್ರೆ ಅದು ಕಾಗದದಲ್ಲಿ ಬರ್ತಿತ್ತು. ವರ್ಷದ ಕೊನೇಲಿ ಬೈಂಡ್ ಹಾಕಿಸಿ ಶೆಲ್ಫಲ್ಲಿಟ್ರೆ ಮುಗೀತು. ಮುಂದಿನ ವರ್ಷ ಚಂದಾ ಕಟ್ಟದೇ ಹೋದ್ರೂ ಹಳೇದು ನಿಮ್ಮದೇ. ಈಗ ಹಾಗಲ್ಲ. ಚಂದಾ ಕಟ್ಟಿದಷ್ಟು ದಿನ ಬಾಗಿಲು ತೆರೆದಿರತ್ತೆ, ನಿಲ್ಲಿಸಿದ್ರೆ ಹಳೇದೂ ಎಷ್ಟೋ ಸಲ ಕೈ ತಪ್ಪತ್ತೆ. ಲಾವೆಲ್‌ಗೆ ಸಿಕ್ಕಿದ್ದು 20 ವರ್ಷದ ಗುತ್ತಿಗೆ, ನಮ್ಮ ಕಾಲೇಜುಗಳದ್ದು ವರ್ಷದ ಗುತ್ತಿಗೆ. ದರ ಏರ್ತಾ ಹೋದ ಹಾಗೆ ದೊಡ್ಡ ದೊಡ್ಡ ವಿಶ್ವವಿದ್ಯಾಲಯಗಳೇ ಜರ್ನಲ್ ಕಡಿಮೆ ಮಾಡಿದ್ವು. ಭೌತವಿಜ್ಞಾನಿಗಳು ಇದಕ್ಕೆ ತಮ್ಮದೇ ದಾರಿ ಕಂಡ್ಕೊಂಡ್ರು. 1991ರಲ್ಲಿ 'ಆರ್ಕೈವ್' ಅನ್ನೋ ಉಚಿತ ಜಾಲತಾಣ ಶುರುವಾಯ್ತು. ಇವತ್ತು ನ್ಯೂಟ್ರಿನೋ ಬಗ್ಗೆ ಬರೋ ಹೊಸ ಪೇಪರ್‌ಗಳು ಹೆಚ್ಚುಕಮ್ಮಿ ಎಲ್ಲಾ ಅಲ್ಲಿ ಪುಕ್ಕಟೆ. 1965ರದ್ದು ಮಾತ್ರ ಬೀಗದೊಳಗೆ.

ನಮ್ಮ ದೇಶದಲ್ಲಿ 2024ರ ನವೆಂಬರ್ 25ರಂದು ಕೇಂದ್ರ ಸಂಪುಟ 'ಒಂದು ದೇಶ ಒಂದು ಚಂದಾ' ಯೋಜನೆಗೆ ಒಪ್ಪಿಗೆ ಕೊಡ್ತು. ಮೂರು ವರ್ಷಕ್ಕೆ, ಅಂದ್ರೆ 2025ರಿಂದ 2027ರವರೆಗೆ, 6,000 ಕೋಟಿ ರೂಪಾಯಿ. 30 ಪ್ರಕಾಶಕರು, ಸುಮಾರು 13,000 ಜರ್ನಲ್‌ಗಳು, 6,300ಕ್ಕೂ ಹೆಚ್ಚು ಸರ್ಕಾರಿ ಉನ್ನತ ಶಿಕ್ಷಣ ಮತ್ತು ಸಂಶೋಧನಾ ಸಂಸ್ಥೆಗಳು. ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರ ಇದನ್ನ ನಡೆಸತ್ತೆ. ಇದು ಸಣ್ಣ ವಿಷಯ ಅಲ್ಲ. ಐಐಎಸ್‌ಸಿಯಲ್ಲಿ ಓದೋರಿಗೆ ಸಿಗ್ತಿದ್ದ ಜರ್ನಲ್ ಕೆಜಿಎಫ್‌ನ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನ ಹುಡುಗನಿಗೂ ಸಿಗಬಹುದು ಅನ್ನೋದು ಹಿಂದೆ ಕನಸಲ್ಲೂ ಇರಲಿಲ್ಲ.

ಸಿಗಬಹುದು ಅಂದೆ, ಗಮನಿಸಿ. ಕಾಲೇಜಿನ ಪರವಾಗಿ ಯಾರಾದ್ರೂ ಒಬ್ಬರು ಕೂತು ನೋಂದಣಿ ಮಾಡಬೇಕು. ಆಮೇಲೆ ಮಕ್ಕಳಿಗೆ ಹೇಳಿಕೊಡಬೇಕು: ಇಲ್ಲಿ ಒತ್ತು, ಹೀಗೆ ಹುಡುಕು, ಇದು ನಂಬಬಹುದು, ಅದು ನಂಬಬೇಡ. ಅದನ್ನ ಮಾಡೋರು ಯಾರು? ಲೈಬ್ರರಿಯನ್. ಆ ಕುರ್ಚಿಯೇ ಖಾಲಿ ಇದ್ರೆ 13,000 ಜರ್ನಲ್ ಇದ್ದೂ ಇಲ್ಲದ ಹಾಗೆ. ಇನ್ನೊಂದು, ಇದು ಸರ್ಕಾರಿ ಸಂಸ್ಥೆಗಳಿಗೆ ಮಾತ್ರ. ನಮ್ಮ ಹುಡುಗಿ ಖಾಸಗಿ ಕಾಲೇಜಲ್ಲಿದ್ದಾಳೆ. ಅದೇ ರೈಲಲ್ಲಿ ಅದೇ ಬೋಗಿಯಲ್ಲಿ ಪಕ್ಕದಲ್ಲಿ ಕೂತು ಹೋಗೋ ಗೆಳತಿ ಸರ್ಕಾರಿ ಕಾಲೇಜು. ಇವಳಿಗೆ ಇಲ್ಲ, ಅವಳಿಗೆ ಉಂಟು. ಖಾಸಗಿ ಅಂದ ಕೂಡಲೇ ದುಡ್ಡಿರೋ ಕಾಲೇಜು ಅಂತ ತಿಳ್ಕೊಬೇಡಿ. ಗಣಿ ಮುಚ್ಚಿದ ಊರಿನ ಖಾಸಗಿ ಕಾಲೇಜು ಅದು. ಮತ್ತೆ ಆ 13,000ದಲ್ಲಿ ಕನ್ನಡ, ತಮಿಳು ಹುಡುಕಿದ್ರೆ ನಿರಾಸೆ ಆಗತ್ತೆ. 2027 ಆದ ಮೇಲೆ ಏನು ಅನ್ನೋದೂ ಒಂದು ಪ್ರಶ್ನೆಯೇ.

ನಮ್ಮ ರಾಜ್ಯಕ್ಕೆ ಈ ವಿಷಯದಲ್ಲಿ ಹಿರಿಮೆ ಇದೆ ಅಂತ ನೆನಪಿಸಬೇಕು. ಎಸ್.ಆರ್. ರಂಗನಾಥನ್ ಮದ್ರಾಸಿನಲ್ಲಿ ಗಣಿತ ಮೇಷ್ಟ್ರಾಗಿದ್ದೋರು, 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಲೈಬ್ರರಿಯನ್ ಆದ್ರು. ಶೆಲ್ಫುಗಳನ್ನ ತೆರೆದಿಡಿ, ಓದುಗ ಒಳಗೆ ಓಡಾಡಿ ಕೈಯಾರೆ ಪುಸ್ತಕ ಆರಿಸ್ಲಿ ಅಂತ ಆಗಲೇ ಹಟ ಹಿಡಿದವರು. ಕೊನೆಯ ವರ್ಷಗಳು ಅವರು ಬೆಂಗಳೂರಲ್ಲೇ ಇದ್ರು. 1962ರಲ್ಲಿ ಇಲ್ಲೇ ಡಿಆರ್‌ಟಿಸಿ ಅನ್ನೋ ತರಬೇತಿ ಕೇಂದ್ರ ಕಟ್ಟಿದ್ರು, 1972ರಲ್ಲಿ ಇಲ್ಲೇ ತೀರಿಕೊಂಡ್ರು. 1965ರಲ್ಲಿ, ಅದೇ ನ್ಯೂಟ್ರಿನೋ ವರ್ಷದಲ್ಲಿ, ನಮ್ಮ ರಾಜ್ಯ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಮಾಡ್ತು. ಅದಕ್ಕೆ ಗ್ರಂಥಾಲಯ ಕರ ಅಂತ ಒಂದು ಆದಾಯವೂ ಇದೆ. ಕಾಲೇಜು ಲೈಬ್ರರಿಗೆ ಆ ಕರದ ದುಡ್ಡಿಲ್ಲ. ಪ್ರಿನ್ಸಿಪಾಲರ ಮನಸ್ಸು, ಆಡಳಿತ ಮಂಡಳಿಯ ಕೈ, ನ್ಯಾಕ್ ತಂಡ ಬರೋ ವರ್ಷದ ಗಡಿಬಿಡಿ. ನ್ಯಾಕ್ ಬಂದಾಗ ಧೂಳು ಒರೆಸಿ, ಕಂಪ್ಯೂಟರಲ್ಲಿ ಕ್ಯಾಟಲಾಗ್ ತೋರಿಸೋದು ನಾನೇ ಕಣ್ಣಾರೆ ನೋಡಿದ್ದೀನಿ. ಅವರು ಹೋದ ಮರುದಿನ ಕಂಪ್ಯೂಟರ್ ಆಫೀಸಿಗೆ ವಾಪಸ್.

ಕೆಜಿಎಫ್‌ನ ಕಷ್ಟ ಇನ್ನೊಂದು ಥರದ್ದು. ಅಲ್ಲಿ ಓದಿನ ಸಂಸ್ಥೆಗಳು ಗಣಿಗೆ ಅಂಟಿಕೊಂಡು ಬೆಳೆದವು. ಗಣಿ ಎಂಜಿನಿಯರುಗಳಿಗೆ ಮೈನಿಂಗ್ ಅಂಡ್ ಮೆಟಲರ್ಜಿಕಲ್ ಸೊಸೈಟಿ ಅಂತ ಇತ್ತು, ಅದರ ಬುಲೆಟಿನ್ ಬರ್ತಿತ್ತು. ಗಣಿ ಮೂರು ಕಿಲೋಮೀಟರಿಗೂ ಆಳ ಹೋದಾಗ ಬಂಡೆ ತಾನಾಗೇ ಸಿಡಿಯೋದು ಯಾಕೆ ಅಂತ ಅದರಲ್ಲಿ ಚರ್ಚೆ ನಡೀತಿತ್ತು. ಅದೊಂದು ಜೀವ ಉಳಿಸೋ ಚರ್ಚೆ. 1988ರಲ್ಲಿ ಅಲ್ಲೇ ರಾಷ್ಟ್ರೀಯ ಶಿಲಾ ಯಂತ್ರವಿಜ್ಞಾನ ಸಂಸ್ಥೆ ಹುಟ್ಟಿತು, ಅದರ ಮುಖ್ಯ ಕಚೇರಿ ಆಮೇಲೆ ಬೆಂಗಳೂರಿಗೆ ಹೋಯ್ತು. ನ್ಯೂಟ್ರಿನೋ ತಂಡದ ಉತ್ತರಾಧಿಕಾರಿಗಳು ಪ್ರೋಟಾನ್ ಕ್ಷಯದ ಪ್ರಯೋಗ ಮಾಡ್ತಿದ್ದೋರು 1990ರ ದಶಕದ ಶುರುವಲ್ಲಿ ಜಾಗ ಖಾಲಿ ಮಾಡಿದ್ರು. 2001ರ ಫೆಬ್ರವರಿ ಕೊನೆಗೆ ಭಾರತ್ ಗೋಲ್ಡ್ ಮೈನ್ಸ್ ಬಾಗಿಲು ಹಾಕ್ತು. ಪಂಪು ನಿಂತಿತು, ಸುರಂಗಕ್ಕೆ ನೀರು ತುಂಬಿತು. 120 ವರ್ಷದಲ್ಲಿ ಸುಮಾರು 800 ಟನ್ ಚಿನ್ನ ಕೊಟ್ಟ ಊರಿನ ಜನ ಬೆಳಗಿನ ಜಾವದ ರೈಲು ಹತ್ತಿ ಬೆಂಗಳೂರಿಗೆ ಕೆಲಸಕ್ಕೆ ಹೊರಟ್ರು. ಈಗಲೂ ಹೊರಡ್ತಾರೆ. ಆ ರೈಲಿನ ಕೊನೇ ಬೋಗಿಗಳಲ್ಲಿ ನೋಟ್ಸ್ ಓದ್ತಾ ನಿಂತಿರೋ ಮಕ್ಕಳನ್ನ ನೋಡಿದ್ರೆ, ನಮ್ಮ ತಾಲೂಕಿನ ದೊಡ್ಡ ರೀಡಿಂಗ್ ರೂಮು ಇದೇ ಅನ್ಸತ್ತೆ.

ಒಂದು ಸಂಗತಿ. ಸೈನೈಡ್ ಗುಡ್ಡಗಳಲ್ಲಿ ಉಳಿದಿರೋ ಚಿನ್ನ ತೆಗೆಯೋಕೆ 13 ಗುಡ್ಡಗಳನ್ನ ಹರಾಜು ಹಾಕೋ ಕೇಂದ್ರದ ಪ್ರಸ್ತಾಪಕ್ಕೆ 2024ರ ಜೂನ್‌ನಲ್ಲಿ ರಾಜ್ಯ ಸಂಪುಟ ಒಪ್ಪಿತು. ಗುಡ್ಡದಲ್ಲಿ ಏನಿದೆ, ಯಾವ ವರ್ಷದ ಮಣ್ಣು ಎಲ್ಲಿ ಬಿತ್ತು, ಗಾಳಿಗೆ ಧೂಳೆದ್ದಾಗ ಜನಕ್ಕೆ ಏನಾಗ್ತಿತ್ತು, ಇದನ್ನೆಲ್ಲ ಕೇಳೋ ಹಕ್ಕು ಊರಿನವರಿಗಿದೆ. ಕೇಳಬೇಕಾದ್ರೆ ಹಳೇ ವರದಿ, ಹಳೇ ನಕ್ಷೆ ಕೈಯಲ್ಲಿರಬೇಕು. ಕಂಪನಿಗಳು ತಮಗೆ ಬೇಕಾದ್ದನ್ನ ಹುಡುಕಿಸಿಕೊಳ್ತಾವೆ. ಮಾರಿಕುಪ್ಪಂನ ಲೈನ್ ಮನೆಯಲ್ಲಿರೋ ಹುಡುಗ ಎಲ್ಲಿ ಹೋಗಿ ಓದ್ಬೇಕು?

ಸರಿ, ನಮ್ಮ ಪೇಪರ್. ಒಂದು ಶನಿವಾರ ಅವಳನ್ನ ಕರ್ಕೊಂಡು ಬೆಂಗಳೂರಿನ ಒಂದು ದೊಡ್ಡ ಸಂಸ್ಥೆಯ ಲೈಬ್ರರಿಗೆ ಹೋದೆ. ಪರಿಚಯದವರ ಮೂಲಕ ಮೊದಲೇ ಅನುಮತಿ ಕೇಳಿದ್ವಿ. ಅಲ್ಲಿ ಕೌಂಟರಲ್ಲಿ ಒಬ್ಬ ಹಿರಿಯರಿದ್ರು. ಚೀಟಿ ನೋಡಿದ್ರು. "ಏನಮ್ಮ, ಯಾವೂರು?" ಅಂದ್ರು.

"ಬಂಗಾರಪೇಟೆ ಸರ್. ಓದ್ತಿರೋದು ಕೆಜಿಎಫ್."

"ಹಂಗಾದ್ರೆ ಇದು ನಿಮ್ಮನೆ ಪೇಪರ್ರು!" ಅಂತ ಎದ್ದು ಒಳಗೆ ಹೋದ್ರು. ಹತ್ತು ನಿಮಿಷಕ್ಕೆ ಬೈಂಡ್ ಹಾಕಿದ 18ನೇ ಸಂಪುಟ ತಂದಿಟ್ರು. 196ನೇ ಪುಟ. ಅದರ ಪಕ್ಕ ಅವಳು ಕೇಳದೇ ಇದ್ದ ಇನ್ನೊಂದು ಸಂಪುಟ. "ಇದು ಆಫ್ರಿಕಾದವರದ್ದು. ಎರಡನ್ನೂ ಪಕ್ಕದಲ್ಲಿಟ್ಕೊಂಡು ಓದು, ತಾರೀಕು ನೋಡು. ಒಂದನ್ನೇ ಓದಿದ್ರೆ ಅರ್ಧ ಕಥೆ."

ಜುಲೈ 12, ಜುಲೈ 26 ಅಂತ ನಾನು ಆಗಲೇ ಹೇಳಿದೆನಲ್ಲ, ಅದು ನಮಗೆ ಗೊತ್ತಾಗಿದ್ದು ಆ ಟೇಬಲ್ ಮೇಲೆ. ಚಾಟ್‌ಬಾಟು ಕೇಳಿದ್ದಕ್ಕೆ ಉತ್ತರ ಕೊಟ್ಟಿತ್ತು, ಇಲ್ಲದ್ದನ್ನೂ ಸೇರಿಸಿ. ಈ ಮನುಷ್ಯ ಕೇಳದೇ ಇದ್ದಿದ್ದನ್ನ ತಂದುಕೊಟ್ರು, ಇರೋದನ್ನೇ.

ವಾಪಸ್ ಬರುವಾಗ ಬಂಗಾರಪೇಟೆಯಲ್ಲಿ ಇಳಿದು ಪಾನಿಪುರಿ ತಿಂದ್ವಿ. ನಮ್ಮೂರದ್ದು ಬಿಳೀ ಪಾನಿ, ಹಸಿರಲ್ಲ, ತಿಂದೇ ಇಲ್ಲದವರು ಒಮ್ಮೆ ಬನ್ನಿ. ಅಲ್ಲೇ ನಿಂತು ಅವಳು ಫೋನಲ್ಲಿ ಒಂದು ಪಟ್ಟಿ ಬರೆಯೋಕೆ ಶುರು ಮಾಡಿದಳು. ಕೆಜಿಎಫ್ ಬಗ್ಗೆ ಏನೇನಿದೆ, ಎಲ್ಲೆಲ್ಲಿದೆ. ಗುಡ್‌ವಿಲ್ ಪ್ರಬಂಧ, ಮಿಥಿಕ್ ಸೊಸೈಟಿ. ಜಾನಕಿ ನಾಯರ್ ಪುಸ್ತಕ. 'ತಮಿಳನ್', ಅಲೋಷಿಯಸ್ ಸಂಪುಟಗಳು. ಸರ್ಕಾರಿ ಕಡತ, ವಿಧಾನಸೌಧದ ರಾಜ್ಯ ಪತ್ರಾಗಾರ. 1965ರ ಎರಡು ಪೇಪರು. ಎಂಜಿನಿಯರುಗಳ ಬುಲೆಟಿನ್. ಕೊನೇಲಿ, ಗೆಳತಿಯ ತಾತ, ಚಾಂಪಿಯನ್ ರೀಫ್, ಸಂಜೆ ಐದರ ಮೇಲೆ ಮನೇಲಿ ಸಿಗ್ತಾರೆ.

ಸೋಮವಾರ ಅದನ್ನ ಪ್ರಿಂಟ್ ತೆಗೆಸಿ ಕಾಲೇಜು ಲೈಬ್ರರಿ ಬಾಗಿಲಿಗೆ ಅಂಟಿಸಿದ್ದಾಳೆ. ಬಾಗಿಲಿಗೆ ಬೀಗ ಇತ್ತಂತೆ. ಅಟೆಂಡರ್ ಅಣ್ಣ ಬಂದು ಪೂರ್ತಿ ಓದಿ, "ಕೊನೇದು ನಮ್ಮ ಚಿಕ್ಕಪ್ಪ ಕಣಮ್ಮ, ಅವರ ಹತ್ರ ಒಂದು ಟ್ರಂಕ್ ತುಂಬ ಕಾಗದ ಇದೆ" ಅಂದ್ರಂತೆ. ಈ ಶನಿವಾರ ಮೂರೂ ಜನ ಹೋಗ್ತಿದ್ದೀವಿ.